ಕೀಬೋರ್ಡ್‌ಗೆ ಮನಸೋಲುವ ಮುನ್ನ

ಟಿ. ದಾಸರಹಳ್ಳಿಯಲ್ಲಿ ಅಂಗಡಿ ನಡೆಸುವವರೇ, ಪೀಣ್ಯದ ಕಾರ್ಖಾನೆಗಳಿಗೆ ದಿನವಿಡೀ ಕೊಟೇಶನ್ ಕಳಿಸುವವರೇ, ಒಂದು ಮಾತು. ಪೂರ್ತಿ ಕೀಬೋರ್ಡ್ ಇರುವ ಹಳೆಯ ಬ್ಲ್ಯಾಕ್‌ಬೆರಿ ಫೋನ್ ಕಡಿಮೆ ಬೆಲೆಗೆ ಸಿಗುತ್ತದೆಂದು ಆತುರಪಡಬೇಡಿ. ಉಬ್ಬಿದ ಗುಂಡಿಗಳ ಮೇಲೆ ಹೆಬ್ಬೆರಳು ತಪ್ಪಿಲ್ಲದೆ ಓಡುತ್ತದೆ, ನಿಜ. ಆದರೆ ಗುಂಡಿ ಚೆನ್ನಾಗಿದ್ದ ಮಾತ್ರಕ್ಕೆ ಫೋನ್ ಕೆಲಸಕ್ಕೆ ಬರುವುದಿಲ್ಲ.

ಮೊದಲು ಒಳಗಿನ ತಂತ್ರಾಂಶ ಯಾವುದೆಂದು ಕೇಳಿ. ಬ್ಲ್ಯಾಕ್‌ಬೆರಿಯ ಸ್ವಂತ ತಂತ್ರಾಂಶದ ಫೋನುಗಳಿಗೆ ಕಂಪನಿಯೇ 2022ರ ಜನವರಿ 4ರಂದು ಸೇವೆ ನಿಲ್ಲಿಸಿದೆ. ಅವುಗಳಲ್ಲಿ ಕರೆ, ಸಂದೇಶವನ್ನೂ ನೆಚ್ಚುವಂತಿಲ್ಲ. 2018ರ ಬ್ಲ್ಯಾಕ್‌ಬೆರಿ ಕೀ2 ಆಂಡ್ರಾಯ್ಡ್ ಫೋನೇ ಆದರೂ ಅದಕ್ಕೀಗ ಭದ್ರತಾ ಅಪ್‌ಡೇಟ್ ಬರುತ್ತಿಲ್ಲ. ಅದರಲ್ಲಿ ಬ್ಯಾಂಕ್ ವ್ಯವಹಾರ ಬೇಡ.

ಕೊಳ್ಳುವ ಮುನ್ನ ನಿಮ್ಮ ಸಿಮ್ ಹಾಕಿ, ಮಾರುವವರ ಎದುರೇ ಕರೆ ಮಾಡಿ ನೋಡಿ. ಜಿಯೊ ಸಿಮ್ಮಿನಲ್ಲಿ ಮಾತಾಡಲು ಫೋನಿನಲ್ಲಿ ವೋಲ್ಟಿ, ಅಂದರೆ 4ಜಿ ಜಾಲದಲ್ಲೇ ಕರೆ ಮಾಡುವ ಸೌಲಭ್ಯ, ಬೇಕೇ ಬೇಕು. ಗುಂಡಿಗಳ ಮೇಲಿರುವುದು ಇಂಗ್ಲಿಷ್ ಅಕ್ಷರ. ಗಿರಾಕಿಗಳಿಗೆ ಕನ್ನಡದಲ್ಲಿ ಬರೆಯುವವರು ಒತ್ತಕ್ಷರಗಳಿರುವ ನಾಲ್ಕು ಸಾಲು ಬರೆದು ನೋಡಿ. ಕೀಬೋರ್ಡ್ ಜಾಗ ತಿಂದಷ್ಟೂ ಪರದೆ ಚಿಕ್ಕದಾಗುತ್ತದೆ. ಒಂದು ಇನ್‌ವಾಯ್ಸ್ ತೆರೆದು, ಜಿಎಸ್‌ಟಿ ಅಂಕಿಗಳು ಸರಿಯಾಗಿ ಕಾಣುತ್ತವೆಯೇ ಗಮನಿಸಿ.

ಗುಂಡಿಯೇ ಬೇಕೆನ್ನುವವರು ಈಗಿರುವ ಫೋನಿಗೇ ಪುಟ್ಟ ಬ್ಲೂಟೂತ್ ಕೀಬೋರ್ಡ್ ಜೋಡಿಸಿಕೊಳ್ಳಿ. ಬೆವರು ಸುರಿಸಿ ದುಡಿದ ದುಡ್ಡು, ಪರೀಕ್ಷಿಸದೆ ಕೊಡಬೇಡಿ.