ನೆಟ್ ಫೋನಿಗೆ ಯಾವ ಕೋಡೆಕ್?



ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ನಮ್ಮ ಸ್ವಸಹಾಯ ಸಂಘಗಳಲ್ಲಿ, ಮಗನೋ ಮಗಳೋ ಕುವೈತಿನಲ್ಲಿ ದುಡಿಯುತ್ತಿರುವ ತಾಯಂದಿರು ಇದ್ದಾರೆ. ಹಿಂದೆ ಐ.ಎಸ್.ಡಿ. ಬೂತಿನ ಮೀಟರ್ ನೋಡಿಕೊಂಡೇ ಮಾತಾಡಬೇಕಿತ್ತು. 2002ರ ಏಪ್ರಿಲ್‌ನಲ್ಲಿ ನಮ್ಮ ದೇಶದಲ್ಲಿ ಇಂಟರ್‌ನೆಟ್ ಫೋನಿಗೆ ಅನುಮತಿ ಸಿಕ್ಕಿತು. ಈಗಿನ ತೊಂದರೆ ಬೇರೆ. ದಿನದ ಡೇಟಾ ಮುಗಿದರೆ ಎಷ್ಟೋ ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಷ್ಟರಲ್ಲೂ ಮಾತಾಡಬಹುದು, ಕೋಡೆಕ್ ಸರಿಯಿದ್ದರೆ.

ದನಿಯನ್ನು ಅಂಕಿಗಳಾಗಿ ಮಾಡಿ, ಮಡಚಿ ಕಳಿಸಿ, ಆ ಕಡೆ ಮತ್ತೆ ಬಿಚ್ಚುವ ವಿಧಾನವೇ ಕೋಡೆಕ್. ಹಳೆಯ ಜಿ.711 ಸೆಕೆಂಡಿಗೆ 8000 ಸಲ ದನಿಯನ್ನು ಅಳೆದು, ಪ್ರತಿ ಅಳತೆಗೆ 8 ಬಿಟ್ ಬರೆಯುತ್ತದೆ. ಅಲ್ಲಿಗೆ 64 ಕೆಬಿಪಿಎಸ್. ಹಾಗಾದರೆ ಸರಿಹೋಯ್ತಲ್ಲ ಅಂತೀರಾ? ಹೋಗಲ್ಲ. ದನಿ ಸೆಕೆಂಡಿಗೆ 50 ಪೊಟ್ಟಣಗಳಾಗಿ ಹೋಗುತ್ತದೆ. ಪ್ರತಿಯೊಂದರ ಮೇಲೂ ವಿಳಾಸ ಮುಂತಾದ್ದು 40 ಬೈಟ್. ಅದೇ ಇನ್ನೊಂದು 16 ಕೆಬಿಪಿಎಸ್. ಒಟ್ಟು 80 ಆಯಿತು.

ಜಿ.729ರಲ್ಲಿ ದನಿಗೆ 8 ಮಾತ್ರ, ಒಟ್ಟು 24. ಪತ್ರ 20 ಬೈಟ್, ಲಕೋಟೆ 40 ಬೈಟ್! ಒಂದೊಂದು ಪೊಟ್ಟಣಕ್ಕೆ ಎರಡರಷ್ಟು ದನಿ ತುಂಬಿದರೆ ಒಟ್ಟು 16ಕ್ಕೆ ಇಳಿಯುತ್ತದೆ. ಆದರೆ ಮಾತು ತಡವಾಗಿ ಮುಟ್ಟುತ್ತದೆ, ಪೊಟ್ಟಣ ಕಳೆದರೆ ನಷ್ಟವೂ ದುಪ್ಪಟ್ಟು.

ಇಷ್ಟು ಉಳಿತಾಯವಾದರೂ ನಾವು ಇದನ್ನು ಹೇಳುವುದಿಲ್ಲ. ಈ ಎರಡೂ ಸುಮಾರು 3400 ಹರ್ಟ್ಸ್ ಮೇಲಿನ ದನಿಯನ್ನು ಬಿಟ್ಟುಬಿಡುತ್ತವೆ. ‘ಸ’ ಅನ್ನುವಾಗಿನ ಸುಯ್ ಶಬ್ದ ಹೆಚ್ಚಾಗಿ ಇರುವುದೇ ಅದರ ಮೇಲೆ. ‘ಸಲ’ ಅಂದದ್ದು ‘ಫಲ’ ಅಂತ ಕೇಳಿಸಬಹುದು. ಅಮ್ಮ ಮಾತ್ರೆಯ ಹೆಸರು ಹೇಳುವಾಗ ಇದು ಸಣ್ಣ ವಿಷಯ ಅಲ್ಲ.

2012ರಲ್ಲಿ ಬಂದ ಓಪಸ್ ಇದಕ್ಕಿಂತ ಮೇಲು. ಅದು 6ರಿಂದ 510 ಕೆಬಿಪಿಎಸ್‌ವರೆಗೆ ಹೊಂದಿಕೊಳ್ಳುತ್ತದೆ. 16ರಲ್ಲೇ 8000 ಹರ್ಟ್ಸ್‌ವರೆಗಿನ ದನಿ ಕೊಡುತ್ತದೆ. ಲಕೋಟೆ ಸೇರಿ 32. ಕಳೆದ ಪೊಟ್ಟಣದ ಸಾರವನ್ನು ಮುಂದಿನದರಲ್ಲಿ ಇಟ್ಟು ಕಳಿಸುವ ಏರ್ಪಾಡೂ ಇದೆ. ಬಳಸಲು ದುಡ್ಡು ಕೊಡಬೇಕಿಲ್ಲ.

ಲಿನ್‌ಫೋನ್‌ನಂಥ ಆ್ಯಪ್‌ನಲ್ಲಿ ಕೋಡೆಕ್ ಪಟ್ಟಿ ಸಿಗುತ್ತದೆ. ಎರಡೂ ಕಡೆ ಓಪಸ್ ಇರಬೇಕು, ಒಂದೇ ಕಡೆ ಇದ್ದರೆ ಸಾಲದು. ವಾಟ್ಸಾಪ್‌ನಲ್ಲಿ ಆರಿಸುವ ಅವಕಾಶ ಇಲ್ಲ. ಅಲ್ಲಿ ಕರೆಗೆ ಕಡಿಮೆ ಡೇಟಾ ಬಳಸುವ ಸೆಟ್ಟಿಂಗ್ ಹಾಕಿಕೊಳ್ಳಿ. ವಿಡಿಯೋ ಬೇಡ. ಫೋಟೊ ತಾನಾಗಿ ಇಳಿಯುವುದನ್ನೂ ನಿಲ್ಲಿಸಿ, ಇಲ್ಲದಿದ್ದರೆ ಬೆಳಗಿನ ಶುಭೋದಯದ ಚಿತ್ರಗಳೇ ಆ 64ನ್ನು ತಿಂದುಬಿಡುತ್ತವೆ.