ಹಳೆಯ ಬಾಕಿಯನ್ನು ಕೊಳ್ಳಬೇಡಿ

ನಡೆಯುತ್ತಿರುವ ಹೋಟೆಲನ್ನೋ ಬೇಕರಿಯನ್ನೋ ಕೊಳ್ಳಲು ಹೊರಟ ತಮ್ಮಂದಿರೇ, ತಂಗಿಯರೇ, ನಿಮ್ಮ ಧೈರ್ಯ ಮೆಚ್ಚುವಂಥದ್ದು. ಮೊದಲ ದಿನದಿಂದಲೇ ಗಿರಾಕಿಗಳು, ಕೆಲಸ ಬಲ್ಲ ಆಳುಗಳು, ಊರಲ್ಲಿ ಹೆಸರು ಎಲ್ಲ ಸಿಗುತ್ತದೆಂಬ ನಿಮ್ಮ ಲೆಕ್ಕವೂ ಸರಿಯೇ. ಆದರೆ ಆ ಹೆಸರಿನ ಜೊತೆಗೆ ಹಳೆಯ ಮಾಲೀಕರ ಬಾಕಿಯೂ ನಿಮ್ಮ ಪಾಲಿಗೆ ಬರಬಹುದು.

2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 85ನೇ ಕಲಮನ್ನು ನಿಮ್ಮ ಆಡಿಟರ್ ಬಳಿ ಕೇಳಿ ತಿಳಿಯಿರಿ. ವ್ಯಾಪಾರ ಕೈಬದಲಾದರೆ, ಆ ದಿನದವರೆಗಿನ ತೆರಿಗೆ, ಬಡ್ಡಿ, ದಂಡಕ್ಕೆ ಮಾರಿದವರೂ ಕೊಂಡವರೂ ಒಟ್ಟಾಗಿ ಹೊಣೆ. "ಅದು ನನ್ನ ಕಾಲದ್ದಲ್ಲ" ಎಂದರೆ ಇಲಾಖೆ ಬಿಡುವುದಿಲ್ಲ. ಕೆಲಸಗಾರರ ಪಿಎಫ್ ಬಾಕಿಯೂ ಹೀಗೆಯೇ ಬೆನ್ನು ಹತ್ತುತ್ತದೆ. ಆದ್ದರಿಂದ "ಎಲ್ಲ ಕ್ಲಿಯರ್ ಇದೆ" ಎಂಬ ಬಾಯಿಮಾತಿಗೆ ಒಪ್ಪದೆ ರಿಟರ್ನು, ಚಲನುಗಳನ್ನು ತರಿಸಿ ನೋಡಿ. ಕಟ್ಟಡದ ಮಾಲೀಕರನ್ನು ನೀವೇ ಕಂಡು, ಬಾಡಿಗೆ ಕರಾರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅವರ ಬಳಿಯಿರುವ ಅಡ್ವಾನ್ಸ್ ಇನ್ನು ಯಾರದು ಎಂಬುದನ್ನೂ ಆಗಲೇ ಬರೆಸಿ.

ಮಾರಿದವರೇ ನಾಳೆ ಎದುರು ಬೀದಿಯಲ್ಲಿ ಅದೇ ವ್ಯಾಪಾರ ತೆರೆದರೆ? ಗಿರಾಕಿಗಳು ಹಳೆಯ ಮುಖವನ್ನೇ ಹುಡುಕಿಕೊಂಡು ಹೋಗುತ್ತಾರೆ. 1872ರ ಕರಾರು ಕಾಯ್ದೆಯ 27ನೇ ಕಲಮು ಯಾರ ದುಡಿಮೆಗೂ ಅಡ್ಡಿಮಾಡುವ ಒಪ್ಪಂದವನ್ನು ಒಪ್ಪುವುದಿಲ್ಲ. ಆದರೆ ಗುಡ್‌ವಿಲ್ ಮಾರಾಟಕ್ಕೆ ಅದರಲ್ಲೇ ವಿನಾಯಿತಿಯಿದೆ. ಇಂತಿಷ್ಟು ಪ್ರದೇಶದೊಳಗೆ ಅದೇ ಬಗೆಯ ವ್ಯಾಪಾರ ಮಾಡಬಾರದೆಂದು ಬರೆಸಿಕೊಳ್ಳಬಹುದು. ಆ ಎಲ್ಲೆ ಕೋರ್ಟಿಗೆ ನ್ಯಾಯವೆನಿಸುವಷ್ಟಿರಲಿ. ಇಡೀ ಜಿಲ್ಲೆಯನ್ನೇ ಬರೆಸಲು ಹೋಗಿ ಕೈಯಲ್ಲಿದ್ದದ್ದನ್ನೂ ಕಳೆದುಕೊಳ್ಳಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಪೂರ್ತಿ ಹಣವನ್ನು ಒಂದೇ ದಿನ ಎಣಿಸಿಕೊಡಬೇಡಿ. ಒಂದು ಪಾಲನ್ನು ಕರಾರಿನ ಪ್ರಕಾರವೇ ತಡೆದಿಟ್ಟುಕೊಳ್ಳಿ. ಹಳೆಯ ಬಾಕಿ ತಲೆಯೆತ್ತಿದರೆ ಅದರಲ್ಲೇ ಮುರಿದುಕೊಳ್ಳುವ ಹಕ್ಕು ನಿಮಗಿರಲಿ. ಏನೂ ಬರದಿದ್ದರೆ ಗೊತ್ತುಮಾಡಿದ ದಿನ ಮರ್ಯಾದೆಯಿಂದ ಕೊಟ್ಟುಬಿಡಿ. ಕಾಗದದಲ್ಲಿ ಬೆಲೆ ಕಡಿಮೆ ತೋರಿಸಿ ಉಳಿದದ್ದನ್ನು ಕೈಯಲ್ಲಿ ಕೊಡಿ ಎಂದರೆ ಖಂಡಿತ ಒಪ್ಪಬೇಡಿ. ಬರೆಯದೆ ಕೊಟ್ಟ ಹಣವನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಬಹಳ ಕಷ್ಟ.

ಜಗಳ ಆಗಲೇ ಹತ್ತಿಕೊಂಡಿದ್ದರೆ ಕೂಗಾಡಬೇಡಿ; ವಕೀಲರ ಮೂಲಕ ನೋಟಿಸ್ ಕಳಿಸಿ. ವಾಣಿಜ್ಯ ನ್ಯಾಯಾಲಯಕ್ಕೆ ಹೋಗುವ ವ್ಯಾಜ್ಯವಾದರೆ, ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದಾಗ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಅದನ್ನು ಬರೀ ಶಾಸ್ತ್ರವೆಂದು ಮುಗಿಸದೆ ಮನಸ್ಸಿಟ್ಟು ಕುಳಿತು ಮಾತಾಡಿ. ರಾಜಿಯ ಆಸೆಯಲ್ಲಿ ಕಾಲವನ್ನೂ ಮರೆಯಬೇಡಿ. ಕರಾರು ಮುರಿದದ್ದಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಇರುವ ಅವಧಿ 3 ವರ್ಷ.

ಪಾತ್ರೆ, ಒಲೆ, ಫ್ರಿಜ್ಜಿಗೆ ಹಣ ತೆಗೆದಿಡುವಾಗಲೇ ಒಳ್ಳೆಯ ವಕೀಲರ ಫೀಸನ್ನೂ ತೆಗೆದಿಡಿ. ಅವರು ಓದಿ ಸರಿಯೆನ್ನುವವರೆಗೂ ಸಹಿ ಹಾಕಬೇಡಿ.