ಚರಂಡಿಯ ಕೆಸರು ಮತ್ತು ಹೊಲ

ಭೂಮಿಯಿಂದ ಪಡೆದುದನ್ನು ಭೂಮಿಗೇ ಹಿಂದಿರುಗಿಸುವುದು ಬೇಸಾಯದ ಹಳೆಯ ನೀತಿ. ನಗರಗಳ ಒಳಚರಂಡಿ ನೀರನ್ನು ಶುದ್ಧಿಗೊಳಿಸಿದಾಗ ಉಳಿಯುವ ಕೆಸರಿನಲ್ಲಿ ಸಾರಜನಕವೂ ರಂಜಕವೂ ಇರುವುದರಿಂದ ಅದನ್ನು ಗೊಬ್ಬರವಾಗಿ ಬಳಸುವುದು ಸಹಜವೇ ಸರಿ. ಆದರೆ ಮನೆಗಳ ಮಲಿನದೊಡನೆ ಕಾರ್ಖಾನೆಗಳ ಕ್ಯಾಡ್ಮಿಯಂ, ಸೀಸಗಳೂ ಚರಂಡಿಗೆ ಬಂದು ಸೇರುತ್ತವೆ.

ಅಮೆರಿಕ ಸಂಯುಕ್ತ ಸಂಸ್ಥಾನವು 1993ರಲ್ಲಿ ಇದಕ್ಕೆ ನಿಯಮಗಳನ್ನು ರಚಿಸಿತು. ಒಂದು ಕಿಲೋಗ್ರಾಂ ಒಣ ಕೆಸರಿನಲ್ಲಿ ಕ್ಯಾಡ್ಮಿಯಂ 85 ಮಿಲಿಗ್ರಾಂ ಮೀರಿದರೆ ಅದನ್ನು ಹೊಲಕ್ಕೆ ಹಾಕಕೂಡದು. ರೋಗಾಣುಗಳ ದೃಷ್ಟಿಯಿಂದ ಕೆಸರಿನಲ್ಲಿ 'ಎ', 'ಬಿ' ಎಂದು ಎರಡು ವರ್ಗಗಳುಂಟು. ರೋಗಾಣುಗಳು ಬಹುಮಟ್ಟಿಗೆ ನಾಶವಾದುದು 'ಎ'. ಸ್ವಲ್ಪ ಉಳಿದಿರಬಹುದಾದುದು 'ಬಿ'. ಈ ಎರಡನೆಯದನ್ನು ಹರಡಿದ ಹೊಲದಲ್ಲಿ 30 ದಿನ ದನಗಳನ್ನು ಮೇಯಿಸಬಾರದು. ನೆಲದ ಮೇಲಿದ್ದು ಮಣ್ಣು ತಾಗುವ ಫಲಗಳನ್ನು 14 ತಿಂಗಳು ಕೊಯ್ಯಬಾರದು. ಹೀಗೆ ಲೋಹಗಳಿಗೆ ಮಿತಿ, ರೋಗಾಣುಗಳಿಗೆ ಕಾಲಾವಧಿ. ಇದೇ ಆ ನಿಯಮಗಳ ತಿರುಳು.

ಆದರೆ 'ಪಿಎಫ್‌ಎಎಸ್' ಎಂಬ ರಾಸಾಯನಿಕಗಳ ಮಾತು ಆ ನಿಯಮಗಳಲ್ಲಿ ಬಂದಿರಲಿಲ್ಲ. ಇವು ಮಣ್ಣಿನಲ್ಲಿ ಅಳಿಯದೆ ಉಳಿದು, ಮೇವಿನ ಮೂಲಕ ಹಾಲಿಗೂ ಸೇರುತ್ತವೆ. ಮೇಯ್ನ್ ಸಂಸ್ಥಾನದ ಹೈನುಗಾರರು ಇದರಿಂದ ನಷ್ಟ ಹೊಂದಿದ ಮೇಲೆ, 2022ರಲ್ಲಿ ಅಲ್ಲಿನ ಸರ್ಕಾರವು ಕೆಸರನ್ನು ಹೊಲಕ್ಕೆ ಹಾಕುವುದನ್ನೇ ನಿಷೇಧಿಸಿತು.

ಆದುದರಿಂದ ವಿಷವು ಚರಂಡಿಗೆ ಸೇರುವ ಮೊದಲೇ ಕಾರ್ಖಾನೆಯ ಬಾಗಿಲಲ್ಲಿ ಅದನ್ನು ತಡೆಯುವುದು ಲೇಸು. ಒಮ್ಮೆ ಇಂತಹ ವಿಷ ಸೇರಿದ ಮಣ್ಣು ರೈತನ ಮಕ್ಕಳ ಕಾಲಕ್ಕೂ ಕೆಟ್ಟೇ ಇರುತ್ತದೆ.